ಕರಿಕಲ್ಲಿನ ಮೇಲಿನ ಮೊರ

ಮೊದಲು ನೋಡಿದವಳು ನನ್ನ ಅತ್ತೆ ಬೋರಮ್ಮ. ಅವತ್ತು ಕೆಲಸಕ್ಕೆ ರಜೆ. ಬೆಳಿಗ್ಗೆ ನಾನು ನಲ್ಲಿಯ ಸಾಲಿನಲ್ಲಿ ಕೊಡ ಇಟ್ಟು ಬರಲು ಹೋಗಿದ್ದೆ. ತಿರುಗಿ ಬಂದಾಗ ಅವಳು ಒಲೆಮನೆಯ ಹೊಸ್ತಿಲ ಈಚೆ, ಸೊಂಟಕ್ಕೆ ಕೈ ಕೊಟ್ಟುಕೊಂಡು, ಕಾವಲಿನವಳ ಹಾಗೆ ನಿಂತಿದ್ದಳು. ಒಳಗೆ ಒಲೆಯ ಮೇಲೆ ಟೀ ಕುದಿದು ಕುದಿದು ತಳ ಹಿಡಿಯುತ್ತಿತ್ತು. ಹೊಸ್ತಿಲ ಆಚೆಗೆ, ಸರಿಯಾಗಿ ಕಾಲಿಡುವ ಜಾಗದಲ್ಲಿ, ನಮ್ಮ ಮನೆಗಿದ್ದ ಒಂದೇ ಮೊರ ಬೋರಲು ಬಿದ್ದಿತ್ತು.

“ಎಷ್ಟೊತ್ತೇ ನಿಂದು? ಟೀ ಸುಟ್ಟು ಕರಕಲಾಗ್ತಾ ಐತೆ. ಬಾ, ಎತ್ತು,” ಅಂದಳು. ಮುಖ ಮಾತ್ರ ನನ್ನ ಕಡೆ ತಿರುಗಿಸಲಿಲ್ಲ.

ನಮ್ಮ ಊರಿನಲ್ಲಿ ಬಸುರು ಮೊದಲು ಕಾಣಿಸುವುದು ಪಾದದಲ್ಲಿ. ತಿಂಗಳು ನಿಂತ ಕೆಲವೇ ದಿನಕ್ಕೆ ಹೆಂಗಸು ನಡೆದಲ್ಲೆಲ್ಲ ಹೆಜ್ಜೆ ಒದ್ದೆಯಾಗಿ ಮೂಡುತ್ತದೆ, ಬಿಸಿಲಿಗೂ ಆರುವುದಿಲ್ಲ. ಒರೆಸಿದರೆ ಮತ್ತೆ ಒಸರುತ್ತದೆ. ಹಸಿಹೆಜ್ಜೆ ಅನ್ನುತ್ತೇವೆ. ಮೊದಲ ಹಸಿಹೆಜ್ಜೆಯನ್ನು ಯಾರು ನೋಡುತ್ತಾರೋ ಅವರು ಅದರ ಮೇಲೆ ಮೊರ ಬೋರಲು ಹಾಕಿ ಬಾಯಿ ಮುಚ್ಚಿಕೊಳ್ಳಬೇಕು. ಆ ಮೊರವನ್ನು ಎತ್ತುವ ಹಕ್ಕು ಹೆಜ್ಜೆಯ ಒಡತಿಗೆ ಮಾತ್ರ. ಅವಳು ಬಂದು ಎತ್ತುವ ತನಕ ಮನೆಯ ಯಜಮಾನನೂ ಅದನ್ನು ದಾಟುವಂತಿಲ್ಲ, ಒಳಗೆ ಮಡಕೆ ಒಡೆದರೂ ಮಗು ಅತ್ತರೂ ಸರಿಯೆ. ಹಿಂದೊಮ್ಮೆ ಮಗ್ಗದ ಓಣಿಯಲ್ಲಿ ಯಾವನೋ ಕುಡಿದು ಬಂದವನು ಮಾಳಿಗೆ ಸೋರಿದ ನೀರಿನ ಮೇಲೆ ಮೊರ ಹಾಕಿಬಿಟ್ಟಿದ್ದ. ಆ ಮನೆಯಲ್ಲಿದ್ದ ಹೆಂಗಸೆಂದರೆ ಎಪ್ಪತ್ತು ದಾಟಿದ ಅಜ್ಜಿಯೊಬ್ಬಳೇ. ಎರಡು ದಿನ ಮನೆಯವರೆಲ್ಲ ಅಂಗಳದಲ್ಲಿ ಉಂಡು ಮಲಗಿದರು. ಕೊನೆಗೆ ಅಜ್ಜಿಯೇ ಮೂರು ತಲೆಮಾರಿಗೂ ಬೈಯುತ್ತ ಬಂದು ಮೊರ ಎತ್ತಿದಳು. ಸಾಯುವವರೆಗೆ ಊರು ಅವಳನ್ನು ಬಸುರಿ ಅಜ್ಜಿ ಎಂದೇ ಕರೆಯಿತು.

ನಾನು ಬಾಗಿ ಮೊರ ಎತ್ತಿದೆ. ಅಡಿಯಲ್ಲಿ ನನ್ನದೇ ಎಡಗಾಲು, ಐದು ಬೆರಳು, ಸೀಳಿದ ಹಿಮ್ಮಡಿಯ ಗೆರೆ ಸಮೇತ, ಈಗ ತಾನೇ ಕೆರೆಯಿಂದ ಎದ್ದು ಬಂದವಳ ಹಾಗೆ ಮಿನುಗುತ್ತಿತ್ತು. ಮೂರನೆಯದು. ಅತ್ತೆ ಒಳಗೆ ನುಗ್ಗಿ ಟೀ ಪಾತ್ರೆ ಇಳಿಸಿದಳು. ಸುಟ್ಟ ಟೀಯನ್ನೇ ಸೋಸಿ ಎರಡು ಲೋಟಕ್ಕೆ ಹಾಕಿದಳು. ಇಬ್ಬರೂ ಕುಡಿದೆವು.

ನನಗೆ ಮೊದಲೇ ಗೊತ್ತಿತ್ತು. ಮೈ ಹೇಳಿತ್ತು. ಕೊಡ ಎತ್ತಿ ಸೊಂಟಕ್ಕಿಡುವಾಗ ಎದೆ ಹುಣ್ಣಿನ ಹಾಗೆ ನೋಯುತ್ತಿತ್ತು, ರವಿಕೆಯ ಗುಂಡಿ ಹಾಕಲು ಬೆರಳು ಹೆದರುತ್ತಿತ್ತು. ಬಾಯಿಯಲ್ಲಿ ಬೀಗದ ಕೈ ಚೀಪಿದ ರುಚಿ. ಗಳಿಗೆಗೊಮ್ಮೆ ಉಚ್ಚೆಗೆ ಅವಸರ. ಮಧ್ಯಾಹ್ನ ನಿಂತಲ್ಲೇ ಕಣ್ಣು ಎಳೆದುಕೊಂಡು ಹೋಗಿ, ಎಚ್ಚರವಾದರೆ ಕೈ ಮಾತ್ರ ಕೆಲಸ ಮಾಡುತ್ತಲೇ ಇರುತ್ತಿತ್ತು. ಇನ್ನು ವಾಸನೆ. ಹತ್ತು ವರ್ಷದಿಂದ ಮೂಗು ಮರೆತಿದ್ದ ಗಂಧಕ ಒಂದು ದಿನ ಇದ್ದಕ್ಕಿದ್ದಂತೆ ಗಂಟಲಿಗೆ ಕೈ ಹಾಕಿತ್ತು.

ನಾನು ಬೆಂಕಿಕಡ್ಡಿ ಕಾರ್ಖಾನೆಯವಳು. ನಮ್ಮ ಊರಿನ ಕೆಳಗೇರಿಯ ಹೆಂಗಸರೆಲ್ಲ ಅಲ್ಲಿನವರೇ. ಚೌಕಟ್ಟಿನಲ್ಲಿ ಕಡ್ಡಿ ಜೋಡಿಸುವುದು, ಚೌಕಟ್ಟು ಹೊತ್ತು ಮೇಣದ ಬಾನಿಗೆ ಅದ್ದುವುದು, ಅಲ್ಲಿಂದ ಮದ್ದಿನ ಕೋಣೆಗೆ ಸಾಗಿಸುವುದು, ಒಣಗಿದ ಮೇಲೆ ಮೊರದಲ್ಲಿ ಕೇರಿ ಮುರುಕು ಕಡ್ಡಿ ಬೇರೆ ಮಾಡುವುದು. ಮೊರ ನಮ್ಮ ನಮ್ಮ ಮನೆಯಿಂದಲೇ ತರಬೇಕು. ಬೆಳಿಗ್ಗೆ ಕಂಕುಳಲ್ಲಿ ಮೊರ ಇಟ್ಟುಕೊಂಡು ಹೋಗುವ ಹೆಂಗಸರ ಸಾಲು ನೋಡಿದರೆ ಹೊಸಬರು ಸುಗ್ಗಿಯೆಂದುಕೊಂಡಾರು.

ಕಾರ್ಖಾನೆಯ ಗೇಟಿನಲ್ಲಿ ಒಂದು ಕರಿಕಲ್ಲಿನ ಚಪ್ಪಡಿ. ಆಳುದ್ದ, ಎಮ್ಮೆಯ ಬೆನ್ನಿನಷ್ಟು ನುಣುಪು. ಚಪ್ಪಲಿ ಬಿಟ್ಟು, ಒಬ್ಬೊಬ್ಬರಾಗಿ ಅದರ ಮೇಲೆ ನಡೆದು ಒಳಗೆ ಹೋಗಬೇಕು. ಪಕ್ಕದಲ್ಲಿ ಗೇಟಿನ ಗುಮಾಸ್ತ ವಾಸಪ್ಪ ಕುರ್ಚಿ ಹಾಕಿಕೊಂಡು ನಮ್ಮ ಹಿಮ್ಮಡಿ ನೋಡುತ್ತ ಕೂರುತ್ತಾನೆ. ಗುರುತು ಮೂಡಿಸಿದವಳು ಹಾಗೇ ತಿರುಗಿ ಮನೆಗೆ. ಹಸಿಹೆಜ್ಜೆಯವಳು ಒಳಗೆ ಬಂದರೆ ತೇವ ತಗುಲಿ ಕಡ್ಡಿ ಹೊತ್ತಿಕೊಳ್ಳುವುದಿಲ್ಲ ಅನ್ನುವುದು ಮಾಲೀಕರ ನಿಯಮ. ಮಳೆಗಾಲದಲ್ಲಿ ಅದೇ ಕಾರ್ಖಾನೆಯ ತಗಡು ಹದಿನಾಲ್ಕು ಕಡೆ ಸೋರುತ್ತದೆ. ನಾವು ತಲೆಗೆ ಗೋಣಿಚೀಲ ಹೊದ್ದುಕೊಂಡು ಕಡ್ಡಿ ಜೋಡಿಸುತ್ತೇವೆ. ಆಗ ಹೊತ್ತಿಕೊಳ್ಳುವ ಕಡ್ಡಿ ನಮ್ಮ ಪಾದದ ನೀರಿಗೆ ಮಾತ್ರ ಯಾಕೆ ಆರಿಹೋಗಬೇಕು? ನಾನು ಕೇಳುತ್ತಿರುವುದು ಉತ್ತರ ಗೊತ್ತಿಲ್ಲದೆ ಅಲ್ಲ. ಬಸುರಿ ನಿಧಾನ. ಬಸುರಿ ಕೂರಲು ಜಾಗ ಕೇಳುತ್ತಾಳೆ, ಉಚ್ಚೆಗೆ ಹೋಗಲು ಬಿಡುವು ಕೇಳುತ್ತಾಳೆ. ತೇವ ಅನ್ನುವುದು ಅದಕ್ಕೆ ಕೊಟ್ಟ ಒಳ್ಳೆಯ ಹೆಸರು.

ಮೇಲಿನ ಬೀದಿಯಲ್ಲಿ ಇದೇ ಹೆಜ್ಜೆಗೆ ಬೇರೆ ಹೆಸರಿದೆ. ಅಲ್ಲಿನ ಸೊಸೆಯಂದಿರು ಹೊಳೆಯುವ ನೆಲದ ಮೇಲೆ ಬೇಕೆಂದೇ ನಡೆದಾಡುತ್ತಾರೆ. ಬಂದ ನೆಂಟರು ಒದ್ದೆ ಗುರುತಿಗೆ ಕುಂಕುಮ ಇಡುತ್ತಾರೆ. ಮೂರು ತಿಂಗಳು ಅವರು ಮಂಚದಿಂದ ಇಳಿಯುವುದು ಹೆಜ್ಜೆ ತೋರಿಸುವುದಕ್ಕೆ ಮಾತ್ರ. ಒಂದು ಮನೆಯಲ್ಲಿ ಬೆಳ್ಳಿಯ ಮೊರವೇ ಇದೆಯಂತೆ. ಇರಲಿ, ನಾನು ಬೆಳ್ಳಿ ಕೇಳಿಲ್ಲ.

ಮೂರು ತಿಂಗಳು ತುಂಬಿ ಹೊಟ್ಟೆ ಮಾತಾಡಲು ಶುರುಮಾಡಿದ ಮೇಲೆ ಪಾದ ತಾನಾಗಿ ಸುಮ್ಮನಾಗುತ್ತದೆ. ಅದಕ್ಕಿಂತ ಮೊದಲೇ ಹೆಜ್ಜೆ ಆರಿತೆಂದರೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಹಸಿಹೆಜ್ಜೆಗೆ ಮೊರ ಉಂಟು, ಪದ್ಧತಿ ಉಂಟು, ಕಾಯುವವರುಂಟು. ಆರಿದ ಹೆಜ್ಜೆಗೆ ನಮ್ಮ ಊರಿನಲ್ಲಿ ಏನೂ ಇಲ್ಲ. ನೆಲ ಸಾರಿಸಿ ಕೆಲಸಕ್ಕೆ ಹೊರಡುವುದು, ಅಷ್ಟೆ.

ನನಗೆ ಎರಡು ಸಲ ಆರಿತ್ತು. ಮೊದಲ ಸಲ ನಾನು ಪ್ರಾಮಾಣಿಕಳಾಗಿದ್ದೆ. ಕರಿಕಲ್ಲಿನ ಮೇಲೆ ಹಸಿಹೆಜ್ಜೆ ಮೂಡಿಸಿ, ವಾಸಪ್ಪ ಹೇಳಿದಂತೆ ಮನೆಗೆ ಬಂದೆ. ನಾವಿರುವುದು ಕಾರ್ಖಾನೆಯ ಲೈನ್ ಮನೆ. ಒಂದು ಕೋಣೆ, ಒಂದು ಒಲೆಮನೆ. ಹದಿನೈದು ದಿನ ಕೆಲಸಕ್ಕೆ ಹೋಗದಿದ್ದರೆ ಖಾಲಿ ಮಾಡಬೇಕು. ಮಾಡಿದೆವು. ಗಂಡ ಓಬಳೇಶ ಸುಣ್ಣ ಬಳಿಯುವವನು, ಊರೂರು ತಿರುಗುತ್ತಾನೆ. ನಾನೂ ಅತ್ತೆಯೂ ಹಳೇ ಹೆಂಚಿನ ಭಟ್ಟಿಯ ಕೆಳಗೆ ತಟ್ಟಿ ಕಟ್ಟಿಕೊಂಡು ಕೂತೆವು. ಅಲ್ಲಿ ಏಳನೇ ವಾರಕ್ಕೆ ಆರಿತು, ಮತ್ತೆ ಕೆಲಸವೂ ಲೈನ್ ಮನೆಯೂ ಸಿಕ್ಕವು. ಎರಡನೇ ಸಲ ಬುದ್ಧಿ ಬಂದಿತ್ತು. ಮುಚ್ಚಿಟ್ಟುಕೊಂಡು ಕೆಲಸಕ್ಕೆ ಹೋದೆ. ಒಂಬತ್ತನೇ ವಾರಕ್ಕೆ ಆರಿತು. ಹೇಳಿದರೂ ಹೋಯಿತು, ಮುಚ್ಚಿಟ್ಟರೂ ಹೋಯಿತು. ಇದರಲ್ಲಿ ನಾನು ಕಲಿಯಬೇಕಾದ ಪಾಠ ಏನಿತ್ತೆಂದು ಇವತ್ತಿಗೂ ಗೊತ್ತಾಗಿಲ್ಲ.

ಮುಚ್ಚಿಡುವುದನ್ನು ಕಲಿಸಿದವಳು ಜಮೀಲಕ್ಕ. ಮೇಣದ ಬಾನಿಯ ಹತ್ತಿರ ನನ್ನ ಪಕ್ಕ ನಿಲ್ಲುವವಳು, ನನಗಿಂತ ಹದಿನೈದು ವರ್ಷ ದೊಡ್ಡವಳು. ಸಂಜೆ ಗಂಟೆ ಹೊಡೆದ ಮೇಲೆ ಬಾನಿಯ ಮೇಣ ಇನ್ನೂ ಬಿಸಿಯಿರುತ್ತದೆ. ಒಂದು ಪಾದ ಅದ್ದಿ ತೆಗೆದು ಊದಿ, ಇನ್ನೊಂದು ಪಾದ ಅದ್ದಿ ತೆಗೆಯಬೇಕು. ಮೂರು ಸಲ ಹಾಗೆ ಮಾಡಿದರೆ ಅಂಗಾಲಿಗೆ ಬಿಳೀ ಚರ್ಮ ಕೂರುತ್ತದೆ. ಮರುದಿನ ಕರಿಕಲ್ಲಿನ ಮೇಲೆ ಒಂದು ಹನಿಯೂ ಇಳಿಯುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೇಣ ಬಿರುಕು ಬಿಟ್ಟು ನೀರು ಸೋರಲು ಶುರುವಾದಾಗ ಗೇಟು ದಾಟಿ ಎಷ್ಟೋ ಹೊತ್ತಾಗಿರುತ್ತದೆ. ಕೆಳಗೆ ಮರದ ಹೊಟ್ಟು ಉದುರಿಸಿಕೊಂಡರಾಯಿತು.

ಆ ರಜೆಯ ಸಂಜೆ ಅವಳ ಮನೆಗೆ ಹೋಗಿ, ಅವಳು ಬಾನಿಯಿಂದ ಕದ್ದಿಟ್ಟಿದ್ದ ಮೇಣ ಕರಗಿಸುವಾಗ, ಮೂರನೆಯದು ಅಂದೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. “ಓಬಳೇಶ ಊರಲ್ಲಿರೋದೇ ತಿಂಗಳಿಗೆ ನಾಕು ದಿನ. ಅದರಲ್ಲೂ ಗುರಿ ತಪ್ಪಲ್ವಲ್ಲೇ ಅವನು!” ಅಂದಳು. ನಾನು ನಗಲಿಲ್ಲ. ಅವಳೂ ನಗು ನಿಲ್ಲಿಸಿದಳು. “ಅದ್ದು ಕಾಲು. ನಾನು ಮೂರು ಸಲ ಅದ್ದಿದೀನಿ. ಎರಡು ಬದುಕಿದಾವೆ.”

“ಇನ್ನೊಂದು?”

“ಇನ್ನೊಂದು ಕೇಳಬ್ಯಾಡ. ಅದ್ದು.”

ಬಿಸಿ ಮೇಣ ಅಂಗಾಲು ಸುಟ್ಟಾಗ ಕಣ್ಣಲ್ಲಿ ನೀರು ಬರುತ್ತದೆ. ಆ ನೋವು ದೊಡ್ಡದಲ್ಲ. ಒಳಗಿನ ನೀರಿಗೆ ಹೊರಗೆ ಬರಲು ದಾರಿಯಿಲ್ಲದೆ ಇಡೀ ದಿನ ಪಾದ ಊದಿಕೊಂಡು ಜುಮುಗುಡುತ್ತದಲ್ಲ, ಅದು ದೊಡ್ಡದು. ಕೆಳಗೆ ತಡೆದರೆ ನೀರು ಮೇಲಕ್ಕೆ ಹತ್ತುತ್ತದೆಯೇ, ಹತ್ತಿ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸುತ್ತ ನಾನು ಚೌಕಟ್ಟು ಹೊರುತ್ತಿದ್ದೆ.

ಅದನ್ನೇ ಆಸ್ಪತ್ರೆಯ ನರ್ಸ್ ಫಿಲೋಮಿನಮ್ಮನನ್ನು ಕೇಳಿದೆ. ರಜೆಯ ದಿನ, ಮೇಣ ಬಿಡಿಸಿಕೊಂಡು, ಅವಳ ಕೋಣೆಯ ತುಂಬ ಹೆಜ್ಜೆ ಮೂಡಿಸಿಕೊಂಡೇ ಹೋಗಿದ್ದೆ. ಅವಳು ಬೆರಳು ಮಡಿಸಿ ಎಣಿಸಿ ಐದು ವಾರ ಅಂದಳು. “ಮೇಣದಿಂದ ಹೋಗುತ್ತೆ ಅಂತ ಯಾರೂ ಹೇಳಕ್ಕಾಗಲ್ಲಮ್ಮ. ಹೋಗಲ್ಲ ಅಂತಲೂ ಬರೆದುಕೊಡಕ್ಕಾಗಲ್ಲ. ಶುರುವಿನ ವಾರಗಳಲ್ಲಿ ಎಷ್ಟೋ ತಾವಾಗೇ ನಿಲ್ಲಲ್ಲ. ಅದು ತಾಯಿಯ ತಪ್ಪಲ್ಲ. ನಿನ್ನ ತಪ್ಪಂತೂ ಅಲ್ಲ,” ಅಂದಳು. ಅಷ್ಟು ದಿನದಲ್ಲಿ ಹಾಗೆ ಹೇಳಿದವಳು ಅವಳೇ ಮೊದಲು. ಆಮೇಲೆ ಒಂದು ಚೀಟಿ ಬರೆದಳು.

ಆ ಚೀಟಿಯ ಒಂದೊಂದು ಸಾಲೂ ಈಗಲೂ ನನಗೆ ನೆನಪಿದೆ. ಫೋಲಿಕ್ ಮಾತ್ರೆ ದಿನಕ್ಕೊಂದು. ಅದನ್ನು ಅವಳೇ ಕೊಟ್ಟಳು, ನುಂಗಿದೆ. ಬೆಳಿಗ್ಗೆ ಏಳುವ ಮೊದಲು ಒಣ ಬ್ರೆಡ್ಡೋ ಪುರಿಯೋ ತಿನ್ನಬೇಕು, ಹೊಟ್ಟೆ ಖಾಲಿ ಬಿಡಬಾರದು, ಸ್ವಲ್ಪ ಸ್ವಲ್ಪವೇ ಐದಾರು ಸಲ ಉಣ್ಣಬೇಕು. ನಮಗೆ ಊಟಕ್ಕೆ ಬಿಡುವುದು ಒಂದೇ ಸಲ. ನೀರು ಚೆನ್ನಾಗಿ ಕುಡಿಯಬೇಕು. ಕುಡಿದ ನೀರು ಹೊರಗೆ ಹೋಗಬೇಕಲ್ಲ? ಪಾಳಿಗೆ ಎರಡು ತಗಡಿನ ಟೋಕನ್ ಕೊಡುತ್ತಾರೆ, ಎರಡೇ ಸಲ ಕಕ್ಕಸು. ಮೂರನೆಯ ಸಲ ಜಮೀಲಕ್ಕನ ಟೋಕನ್ ಕೇಳಬೇಕು. ಭಾರ ಎತ್ತಬಾರದು. ಹೊಗೆ, ಘಾಟು ಇರುವ ಕಡೆ ಹೆಚ್ಚು ಹೊತ್ತು ನಿಲ್ಲಬಾರದು. ಮಧ್ಯಾಹ್ನ ಒಂದು ಗಳಿಗೆ ಎಡಮಗ್ಗುಲಿಗೆ ಮಲಗಿದರೆ ಒಳ್ಳೆಯದು. ರಕ್ತ ಕಂಡರೆ, ಹೊಟ್ಟೆ ಹಿಂಡಿದರೆ ತಕ್ಷಣ ಬರಬೇಕು. ಮನಸ್ಸಿಗೆ ಚಿಂತೆ ಹಚ್ಚಿಕೊಳ್ಳಬಾರದು.

“ಇದರಲ್ಲಿ ನನ್ನಿಂದ ಆಗೋದು ಯಾವುದು ಅಂತ ಗುರುತು ಹಾಕಿಕೊಡಿ ಅಮ್ಮ,” ಅಂದೆ. ಸಿಟ್ಟಿನಿಂದಲೇ ಅಂದೆ.

ಅವಳು ಪೆನ್ನಿನ ಮುಚ್ಚಳ ಹಾಕಿದಳು. “ನಾನು ಬರೆದಿದ್ದು ನಿನಗಲ್ಲ ಕಣಮ್ಮ. ನಿಮ್ಮ ಮಾಲೀಕನಿಗೆ. ಅವನು ನನ್ನ ಹತ್ತಿರ ಬರಲ್ಲ, ನೀನು ಬರ್ತೀಯ. ಅದಕ್ಕೆ ನಿನ್ನ ಕೈಗೆ ಕೊಡ್ತೀನಿ.”

ಮನೆಯಲ್ಲಿ ಅತ್ತೆ ಚೀಟಿಯನ್ನು ನನ್ನಿಂದ ಎರಡು ಸಲ ಓದಿಸಿಕೊಂಡಳು. ಓದು ಬರದವಳಿಗೆ ಅದು ಒಂದೇ ಸಲಕ್ಕೆ ಬಾಯಿಪಾಠವಾಯಿತು. ಮರುದಿನದಿಂದ ನಾನು ಕಣ್ಣು ಬಿಡುವ ಮೊದಲೇ ಬಾಯಿಗೆ ಪುರಿ ತುರುಕುವಳು. “ತಿನ್ನು. ಆಮೇಲೆ ವಾಂತಿ ಮಾಡ್ಕೊ. ಬರಿಗರುಳಿಗಿಂತ ಪುರಿ ಕಾರೋದು ವಾಸಿ,” ಅನ್ನುವಳು. ಸೆರಗಿನ ತುದಿಗೆ ಶುಂಠಿ ಗಂಟು ಹಾಕಿ ಕಳಿಸುವಳು. ನಲ್ಲಿಯ ಕೊಡ ಅವಳೇ ಹೊತ್ತಳು, ಅರವತ್ತರ ಸೊಂಟದಲ್ಲಿ. ರಜೆಯ ಹಿಂದಿನ ಸಂಜೆ ನಾನು ಬಿರುಕುಬಿಟ್ಟ ಮೇಣ ಕೆರೆದು ತೆಗೆಯುವಾಗ ಎದುರು ಕೂತು ನನ್ನ ಪಾದ ತೊಡೆಯ ಮೇಲೆಳೆದುಕೊಂಡು ಎಣ್ಣೆ ಸವರುವಳು. ಬೆಳಗಿನ ಜಾವ ಹೊಸ ಮೇಣ ಹಚ್ಚಲು ಮನೆಯಲ್ಲಿ ದಾರಿಯಿಲ್ಲ. ಆದ್ದರಿಂದ ಉಳಿದ ದಿನ ಬಾನಿಯಿಂದ ಅದ್ದಿಕೊಂಡು ಬಂದದ್ದನ್ನು ಕೆರೆಯದೆ ಹಾಗೇ ಮಲಗುತ್ತಿದ್ದೆ. ರಜೆಯ ದಿನ ಮಾತ್ರ, ಸಂಜೆ ಜಮೀಲಕ್ಕ ಕದ್ದಿಟ್ಟ ಮೇಣ ಕರಗಿಸಿಕೊಡುವ ತನಕ, ನನ್ನ ಹೆಜ್ಜೆಗೆ ಬಿಡುಗಡೆ. ಆ ದಿನ ಅತ್ತೆ ನನ್ನನ್ನು ಕೋಣೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಸಿ, ಒದ್ದೆ ಗುರುತು ನೋಡಿ, ಗೋಡೆಯ ಮೇಲೆ ಇದ್ದಲಿನಿಂದ ವಾರಕ್ಕೊಂದು ಗೀಟು ಎಳೆಯುವಳು; ಕಳೆದ ವಾರಗಳದ್ದನ್ನು ಮೊದಲೇ ಎಳೆದಿಟ್ಟಿದ್ದಳು. ಊರ ಗೋಡೆಗಳಿಗೆಲ್ಲ ಸುಣ್ಣ ಬಳಿಯುವವನ ಮನೆಯ ಗೋಡೆಯ ಮೇಲೆ ಇದ್ದಲಿನ ಗೀಟು ಐದು, ಆರು, ಏಳು.

ಎಂಟನೇ ಗೀಟಿನ ವಾರ ಓಬಳೇಶ ಬಂದಿದ್ದ. ಗೋಡೆ ನೋಡಿದ, ಎಣಿಸಿದ. “ಕೆಲಸ ಬಿಟ್ಟುಬಿಡೇ ಹೊನ್ನೂರಿ,” ಅಂದ.

“ಬಿಟ್ಟು?”

“ಏನೋ ಮಾಡಾನ.”

“ಭಟ್ಟಿ ಕೆಳಗೆ ಮತ್ತೆ ತಟ್ಟಿ ಕಟ್ಟಾನ?”

ಅವನು ಉಗುರಿನ ಸಂದಿಯ ಸುಣ್ಣ ಕೆರೆದುಕೊಳ್ಳುತ್ತ ಕೂತ. ಒಳ್ಳೆಯವನು. ನಮ್ಮಂಥವರ ಮನೆಯಲ್ಲಿ ಒಳ್ಳೆಯ ಗಂಡಸು ಎಂದರೆ ಕೆಟ್ಟ ಸುದ್ದಿ ಕೇಳಿ ಬೈಯದೆ ಸುಮ್ಮನಿರುವವನು. ಹೋಗುವಾಗ ನನ್ನ ಒದ್ದೆ ಹೆಜ್ಜೆಯೊಂದರ ಪಕ್ಕ ತನ್ನ ಕಾಲು ಇಟ್ಟು, ಅಳತೆ ನೋಡಿ, ಯಾರೂ ನೋಡುತ್ತಿಲ್ಲವೆಂದುಕೊಂಡು ಸ್ವಲ್ಪ ನಕ್ಕ. ನಾನು ನೋಡಿದೆ.

ಒಂಬತ್ತನೇ ಗೀಟನ್ನು ಅತ್ತೆ ಎರಡು ಸಲ ತಿದ್ದಿ ಎಳೆದಳು. ಹತ್ತನೆಯದು ಬಿದ್ದಾಗ ಅವಳು ಗೋಡೆಗೆ ಬೆನ್ನು ಕೊಟ್ಟು ಕೂತು, “ಇನ್ನು ಎರಡೇ ಕಣೆ. ಇನ್ನು ಎರಡು ಗೀಟು,” ಅಂದಳು. ನನಗೂ ಆ ವಾರ ಮೊದಲ ಸಲ ಆಸೆ ಹುಟ್ಟಿತು. ಸೊಂಟದ ಹತ್ತಿರ ಲಂಗದ ಲಾಡಿ ಬಿಗಿಯಾಗುತ್ತಿತ್ತು. ಅದು ಊಟದ ಉಬ್ಬರ ಎಂದು ಫಿಲೋಮಿನಮ್ಮ ಹೇಳಿದ್ದಳು, ಆದರೂ ನಾನು ಲಾಡಿಯನ್ನು ಒಂದು ಬೆರಳು ಸಡಿಲ ಮಾಡಿ ಕಟ್ಟಿಕೊಂಡೆ.

ಅದಾದ ಮೂರನೆಯ ದಿನ ಸಂಜೆ, ನಾವೆಲ್ಲ ಮೊರ ಕಂಕುಳಿಗೆ ಸಿಗಿಸಿಕೊಂಡು ಹೊರಗೆ ಬರುವಾಗ ವಾಸಪ್ಪ ಗೇಟಿನಲ್ಲಿ ಅಡ್ಡ ನಿಂತ. ಕೈಯಲ್ಲಿ ಬಿಳೀ ಚೂರುಗಳು. ಪಾದದ ಆಕಾರಕ್ಕೆ ಬಾಗಿದ್ದ ಮೇಣದ ಸಿಪ್ಪೆ. ಯಾರದೋ ಹಿಮ್ಮಡಿಯ ಗೆರೆಗಳು ಕೂಡ ಅಚ್ಚಾಗಿದ್ದವು.

“ಇದೇನಿದು? ಹಾವು ಪೊರೆ ಬಿಟ್ಟಂಗೆ ಕಾಲಿನ ಪೊರೆ ಬಿಟ್ಟವರೆ ಯಾರೋ,” ಅಂದ. “ಮ್ಯಾನೇಜರು ನೋಡಿದ್ರು. ನಾಳೆಯಿಂದ ಹೊಸ ಆರ್ಡರು. ಗೇಟಲ್ಲಿ ಬಿಸಿನೀರಿನ ತೊಟ್ಟಿ ಇಡ್ತೀವಿ. ಎಲ್ಲಾರೂ ಅದರಲ್ಲಿ ಕಾಲು ತೊಳೆದು ಕಲ್ಲಿನ ಮೇಲೆ ನಡೀಬೇಕು. ಬಿಸಿಲಿಗೆ ಯಾರ ಹೆಜ್ಜೆ ಆರುತ್ತೋ ಅವರು ಒಳಗೆ. ಆರದೆ ಇರೋಳು ಮನೆಗೆ.”

“ಬಿಸಿನೀರಾ? ಅರಿಶಿಣ ಎಣ್ಣೇನೂ ಇಡಿ ಸ್ವಾಮಿ, ಮದುವಣಗಿತ್ತಿ ಮಾಡಿ ಕಳಿಸಿ,” ಎಂದಳು ಜಮೀಲಕ್ಕ. ಹೆಂಗಸರು ನಕ್ಕರು. ವಾಸಪ್ಪನೂ ನಗಬೇಕೆಂದುಕೊಂಡು ಬಿಟ್ಟ.

ನನ್ನ ಪಾದಕ್ಕೆ ಆಗಲೇ ಆ ಸಂಜೆಯ ಮೇಣ ಕೂತಿತ್ತು. ದಾರಿಯುದ್ದಕ್ಕೂ ಅದು ಟಕಟಕ ಸದ್ದು ಮಾಡುತ್ತಿತ್ತು. ಲೈನ್ ಮನೆಗಳ ತಿರುವಿನಲ್ಲಿ ಜಮೀಲಕ್ಕ ನಮ್ಮ ಪಾಳಿಯ ಮೂವತ್ತು ಜನರನ್ನೂ ನಿಲ್ಲಿಸಿದಳು.

“ಕೇಳ್ರಿ. ಒಬ್ಬೊಬ್ಬರೇ ನಡೀಬ್ಯಾಡಿ. ತೊಟ್ಟಿಯಿಂದ ಎದ್ದೋರೇ ಎಲ್ಲಾ ಒಟ್ಟಿಗೇ ಕಲ್ಲು ಹತ್ತಬೇಕು. ಒಬ್ಬರ ಹೆಜ್ಜೆ ಮೇಲೆ ಒಬ್ಬರು ತುಳೀಬೇಕು. ಕೊನೆಗೆ ಒಂದು ಗುರುತು ಆರದೆ ಉಳೀತದೆ, ಉಳೀಲಿ. ಅದು ಯಾರದು ಅಂತ ಆ ವಾಸಪ್ಪ ಮೂವತ್ತು ಕಾಲು ಹಿಡಿದು ನೋಡಲಿ.”

“ಅರವತ್ತು ಕಾಲು,” ಅಂದಳು ಹಿಂದಿನಿಂದ ಯಾರೋ.

“ಅರವತ್ತೂ ಹಿಡೀಲಿ. ಪುಣ್ಯ ಬರ್ತದೆ.”

ಯಾರೂ ನನ್ನ ಹೆಸರೆತ್ತಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಒಬ್ಬಳು ಹೋಗುವಾಗ ನನ್ನ ಕೈಗೆ ಎರಡು ಟೋಕನ್ ಇಟ್ಟು ಹೋದಳು.

ಬೆಳಿಗ್ಗೆ ಎದ್ದಾಗ ಮೈ ಹಗುರವಾಗಿತ್ತು. ಪುರಿ ತಿಂದೆ, ವಾಂತಿಯಾಗಲಿಲ್ಲ. ಅತ್ತೆ ಟೀ ಕಾಸುತ್ತಿದ್ದಳು. ಐದು ವಾರದಿಂದ ಆ ವಾಸನೆಗೆ ನಾನು ಹೊರಗೆ ಓಡುತ್ತಿದ್ದೆ. ಅವತ್ತು ಚೆನ್ನಾಗಿದೆ ಅನ್ನಿಸಿತು. “ನಂಗೂ ಒಂದು ಲೋಟ ಕೊಡತ್ತೆ,” ಅಂದೆ. ರವಿಕೆಯ ಗುಂಡಿ ಹಾಕಿಕೊಂಡೆ, ನೋವಾಗಲಿಲ್ಲ. ಬಾಯಿಯಲ್ಲಿ ಬೀಗದ ಕೈಯ ರುಚಿ ಇರಲಿಲ್ಲ. ಅಂತೂ ದೇಹ ಒಗ್ಗಿಕೊಂಡಿತು, ಕಷ್ಟದ ದಿನ ಕಳೆಯಿತು ಎಂದು ನಾನು ಟೀಯನ್ನು ಸೊರ್ರನೆ ಸದ್ದು ಮಾಡಿ ಕುಡಿದೆ. ಲೋಟ ಇಟ್ಟು ತಲೆಯೆತ್ತಿದರೆ ಅತ್ತೆ ನನ್ನನ್ನೇ ನೋಡುತ್ತಿದ್ದಳು. ನನ್ನ ಪಾದ ನೋಡಿದಳು. ಪಾದಕ್ಕೆ ಮೇಣವಿತ್ತು.

“ಏನತ್ತೆ?”

“ಏನಿಲ್ಲ. ಹೊತ್ತಾಯ್ತು, ಹೋಗು,” ಅಂದು ಒಲೆಯ ಕಡೆ ತಿರುಗಿದಳು.

ಗೇಟಿನಲ್ಲಿ ತೊಟ್ಟಿಯಿಂದ ಹಬೆಯೇಳುತ್ತಿತ್ತು. ಒಬ್ಬೊಬ್ಬರೂ ಇಳಿದೆವು. ನನ್ನ ಪಾದದ ಮೇಣ ಮೆತ್ತಗಾಗಿ, ಸುಲಿದು, ಬಿಳೀ ಹಾಳೆಯಂತೆ ತೇಲಿತು. ಇನ್ನೂ ಏಳೆಂಟು ಹಾಳೆ ತೇಲಿದವು. ಅವು ಯಾರವೆಂದು ನಾವ್ಯಾರೂ ನೋಡಲಿಲ್ಲ. ಆಮೇಲೆ ಗೊತ್ತಾಯಿತು, ನನ್ನನ್ನು ಮರೆಮಾಡಲೆಂದೇ ಅವರು ಸಂಜೆ ಹಿಂದಿರುಗಿ ಹೋಗಿ ಕಾಲು ಅದ್ದಿಕೊಂಡಿದ್ದರು.

“ಒಬ್ಬೊಬ್ಬರೇ! ಸಾಲಾಗಿ!” ವಾಸಪ್ಪ ಕೂಗುತ್ತಿದ್ದ ಹಾಗೇ ನಾವು ಮೂವತ್ತು ಜನ ಕಲ್ಲಿನ ಮೇಲೆ ಹತ್ತಿದೆವು. ತುಳಿದೆವು. ಅತ್ತ ಹೋಗಿ ಇತ್ತ ಬಂದೆವು. ಒಬ್ಬರ ಹೆಗಲಿಗೊಬ್ಬರು ಕೈ ಹಾಕಿಕೊಂಡೆವು. ಕರಿಕಲ್ಲು ಮಳೆ ಬಂದ ಹಾಗೆ ಒದ್ದೆಯಾಯಿತು. ಯಾರೋ ಕಿಸಕ್ಕನೆ ನಕ್ಕಳು, ನಗು ಎಲ್ಲರಿಗೂ ಹತ್ತಿತು. ನಾನೂ ನಕ್ಕೆ. ಬೇಕಾದಷ್ಟು ನಕ್ಕೆ. ಆಮೇಲೆ ಇಳಿದು, ಗೇಟಿನ ಈಚೆಯಲ್ಲಿ ಗುಂಪಾಗಿ ನಿಂತೆವು.

ಬಿಸಿಲು ಆಗಲೇ ಸುಡುತ್ತಿತ್ತು. ಕಲ್ಲು ಅಂಚಿನಿಂದ ಆರಲು ಶುರುವಾಯಿತು. ಹೆಜ್ಜೆಗಳು ಒಂದೊಂದಾಗಿ ಬೆಳ್ಳಗಾಗಿ ಮಾಯವಾದವು. ಬೆರಳು ಹೋದವು, ಹಿಮ್ಮಡಿ ಹೋದವು. ನಾವು ಕಾಯುತ್ತಿದ್ದೆವು. ವಾಸಪ್ಪ ಕಾಯುತ್ತಿದ್ದದ್ದು ಒಂದಾದರೂ ಉಳಿಯಲಿ, ಹಿಡಿಯಬಹುದು ಎಂದು. ನಾವು ಕಾಯುತ್ತಿದ್ದದ್ದೂ ಒಂದು ಉಳಿಯಲಿ ಎಂದೇ. ನಡುವೆ ಅಂಗೈಯಷ್ಟು ತೇವ ಉಳಿದಿತ್ತು. ಅದೇ, ಅದೇ ನನ್ನದು, ಎಂದುಕೊಂಡೆ. ಅದು ನಾಣ್ಯದಷ್ಟಾಯಿತು. ಕಡ್ಡಿಯ ತಲೆಯಷ್ಟಾಯಿತು. ಆಮೇಲೆ ಕಲ್ಲು ಮಾತ್ರ ಇತ್ತು.

“ನೋಡಿದ್ರಾ? ಯಾರೂ ಇಲ್ಲ. ಸುಮ್ನೆ ಗಲಾಟೆ ಎಬ್ಬಿಸ್ತೀರಿ,” ವಾಸಪ್ಪನ ದನಿಯಲ್ಲಿ ನೆಮ್ಮದಿಯಿತ್ತು. “ಎಲ್ಲಾರೂ ಒಳಗೆ ನಡೀರಿ.”

ಯಾರೂ ಅಲ್ಲಾಡಲಿಲ್ಲ. ಮೂವತ್ತು ಹೆಂಗಸರು ಉಸಿರು ಬಿಗಿಹಿಡಿದರೆ ಎಂಥ ಸದ್ದಾಗುತ್ತದೆಂದು ಅವತ್ತು ತಿಳಿಯಿತು. ನಾನು ಬೆಳಗಿನ ಟೀಯನ್ನು ನೆನೆದೆ. ಎಷ್ಟು ರುಚಿಯಾಗಿತ್ತು. ಯಾರೂ ನನ್ನ ಮುಖ ನೋಡಲಿಲ್ಲ. ನಾನು ಪರೀಕ್ಷೆ ಗೆದ್ದಿದ್ದೆ. ಲೈನ್ ಮನೆ ಉಳಿದಿತ್ತು, ಕೆಲಸ ಉಳಿದಿತ್ತು. ಚಪ್ಪಡಿ ದಾಟಿ ಒಳಗೆ ಹೋಗಿ ಚೌಕಟ್ಟು ಎತ್ತಿದರೆ ಮುಗಿಯಿತು. ಹಿಂದಿನ ಎರಡು ಸಲ ಹಾಗೇ ಮಾಡಿದ್ದೆ. ಕಾಲು ಮುಂದಿಟ್ಟೆ ಕೂಡ.

ಜಮೀಲಕ್ಕ ನನ್ನ ತೋಳು ಹಿಡಿದು ಹಿಂದಕ್ಕೆಳೆದಳು. ತಾನು ಮುಂದೆ ಹೋದಳು. ಕಂಕುಳಿನ ಮೊರ ತೆಗೆದಳು. ಕಲ್ಲಿನ ನಡುವೆ, ಕೊನೆಯ ತೇವ ಆರಿದ ಜಾಗವನ್ನು ಕಣ್ಣಲ್ಲೇ ಹುಡುಕಿ, “ಇಲ್ಲೇ ಎಲ್ಲೋ,” ಎಂದು ಮೊರವನ್ನು ಬೋರಲು ಹಾಕಿದಳು.

ಗೇಟಿನ ದಾರಿಗೆ ಸರಿಯಾಗಿ ಅಡ್ಡ.

“ಏಯ್, ಏನಿದು? ತೆಗಿ ಅದನ್ನ,” ಅಂದ ವಾಸಪ್ಪ.

“ನೀನೇ ತೆಗಿ.”

ಅವನು ಕುರ್ಚಿಯಿಂದ ಎದ್ದ. ಎರಡು ಹೆಜ್ಜೆ ಬಂದ. ಬಾಗಲಿಲ್ಲ. ಅವನೂ ಈ ಊರಿನವನೇ. ಬೋರಲು ಬಿದ್ದ ಮೊರದ ಮುಂದೆ ನಿಂತು ಹಸಿದುಕೊಂಡು ಕಾದ ಬೆಳಗುಗಳು ಅವನಿಗೂ ಇವೆ. “ಕೆಳಗೆ ಏನೂ ಇಲ್ವಲ್ರೇ,” ಎಂದ, ದನಿ ತಗ್ಗಿಸಿ. ಆ ಹೊತ್ತಿಗೆ ನನ್ನ ತೊಡೆಯ ಒಳಗೆ ಬೆಚ್ಚಗಿನ ಎಳೆಯೊಂದು ಇಳಿಯಲು ಶುರುವಾಗಿತ್ತು. ನಾನು ಗೇಟಿನ ಕಂಬಕ್ಕೆ ಒರಗಿ ಕೂತೆ.

ಮ್ಯಾನೇಜರ್ ಬಂದ. ಅವನು ಹೊರಗಿನವನು. ಅವನ ಪಾದ ನಾವು ಕಂಡಿಲ್ಲ, ಸದಾ ಬೂಟು. ಹಿಂದೆ ಪೊಟ್ಟಣ ಸಾಗಿಸುವ ಲಾರಿ ನಿಂತು ಹಾರ್ನ್ ಹೊಡೆಯುತ್ತಿತ್ತು. ಮೊರ ನೋಡಿದ ಮೇಲೆ ಡ್ರೈವರ್ ಹಾರ್ನ್ ನಿಲ್ಲಿಸಿ ಇಂಜಿನ್ನನ್ನೂ ಆರಿಸಿಬಿಟ್ಟ. ಮ್ಯಾನೇಜರ್ ಬೈದ, ಕೂಗಿದ, ಕೊನೆಗೆ ಮೊರ ಒದೆಯಲು ಬೂಟುಗಾಲು ಎತ್ತಿದ. ತಡೆದವನು ವಾಸಪ್ಪ. ಎರಡೂ ಕೈಯಲ್ಲಿ ಅವನ ತೋಳು ಹಿಡಿದ. “ಬ್ಯಾಡಿ ಸಾರ್. ನಮ್ಮವ್ವಂಗೆ ನಾನು ಐದನೇದು. ಮುಂಚಿನ ನಾಕೂ ಆರಿದ್ವು. ಆರಿದ್ದಕ್ಕೆ ಯಾರೂ ಏನೂ ಮುಚ್ಚಿರಲಿಲ್ಲ. ಬ್ಯಾಡಿ,” ಅಂದ. ಆಮೇಲೆ ತಾನು ಏನಂದೆ ಎಂದು ತನಗೇ ಗೊತ್ತಾಗದವನಂತೆ ಹೋಗಿ ಕುರ್ಚಿಯ ಮೇಲೆ ಕೂತ. ನಾಳೆ ಅವನ ಕುರ್ಚಿಯೂ ಹೋಗಬಹುದು. ಅವನ ಮೇಲಿನ ನನ್ನ ಸಿಟ್ಟೇನೂ ಕರಗಿಲ್ಲ. ಆದರೆ ಅವನು ಹಿಡಿದದ್ದನ್ನು ಹಿಡಿದ ಎಂದೇ ಹೇಳಬೇಕು.

ಅತ್ತೆ ಬಂದಳು. ಯಾರು ಸುದ್ದಿ ಮುಟ್ಟಿಸಿದರೋ, ಟೀ ಲೋಟವೇ ಮುಟ್ಟಿಸಿತೋ. ಹಳೇ ಸೀರೆ ಮಡಿಸಿ ತಂದಿದ್ದಳು. ಫಿಲೋಮಿನಮ್ಮನೂ ಬಂದಳು, ನಾಡಿ ನೋಡಿದಳು, ಆಸ್ಪತ್ರೆಗೆ ಕರೆದೊಯ್ದು ಒಂದು ದಿನ ಇಟ್ಟುಕೊಂಡಳು. ಅಲ್ಲಿ ಮತ್ತೆ ಹೇಳಿದಳು, ನಿನ್ನ ತಪ್ಪಲ್ಲ ಎಂದು. ಈ ಸಲ ನಾನು ಕೇಳಿದೆ, “ಸರಿ ಅಮ್ಮ. ನನ್ನ ತಪ್ಪಲ್ಲ. ಹಂಗಾದ್ರೆ ಇದನ್ನ ಎಲ್ಲಿ ಇಡಲಿ?” ಅವಳ ಹತ್ತಿರ ಅದಕ್ಕೆ ಚೀಟಿ ಇರಲಿಲ್ಲ.

ಇವತ್ತಿಗೆ ಆರು ದಿನ. ಮೊರ ಅಲ್ಲೇ ಇದೆ. ಮೂರೂ ಪಾಳಿಯ ಹೆಂಗಸರು ಗೇಟಿನ ಹೊರಗೆ ಕೂತಿದ್ದಾರೆ. ಕಲ್ಲು ಕೀಳಿ, ಹಸಿಹೆಜ್ಜೆಯವಳಿಗೆ ಮನೆಯೂ ಕೆಲಸವೂ ಉಳಿಯಲಿ, ಕೂರಲು ಒಂದು ಮಣೆ ಕೊಡಿ, ಅಷ್ಟೇ ಅನ್ನುತ್ತಿದ್ದಾರೆ. ಫಿಲೋಮಿನಮ್ಮನ ಚೀಟಿಯನ್ನು ಜಮೀಲಕ್ಕ ಗೇಟಿಗೆ ಅಂಟಿಸಿದ್ದಾಳೆ. ಅದು ಈಗ ಸರಿಯಾದ ವಿಳಾಸಕ್ಕೆ ತಲುಪಿದೆ. ಎಷ್ಟು ದಿನ ನಡೆಯುತ್ತದೋ ತಿಳಿಯದು. ಲೈನ್ ಮನೆಗಳ ನೀರು ನಿನ್ನೆ ನಿಲ್ಲಿಸಿದರು. ಎರಡು ಮನೆಯವರು ಆಗಲೇ ಸಾಮಾನು ಕಟ್ಟಿದ್ದಾರೆ. ನಮ್ಮ ಗೋಡೆಯ ಮೇಲೆ ಹತ್ತು ಗೀಟು ಹಾಗೇ ಇವೆ. ಓಬಳೇಶ ಬಂದವನು ಸುಣ್ಣದ ಬಕೆಟ್ಟು ಹಿಡಿದು ಅದರ ಮುಂದೆ ಬಹಳ ಹೊತ್ತು ನಿಂತು, ಬಳಿಯದೆ ಬಕೆಟ್ಟನ್ನು ಹೊರಗಿಟ್ಟ.

ಬೆಳಿಗ್ಗೆ ಮ್ಯಾನೇಜರ್ ನನ್ನ ಹತ್ತಿರ ಬಂದಿದ್ದ. ಮೊರ ಎತ್ತುವ ಹಕ್ಕು ಯಾರದೆಂದು ಅವನಿಗೆ ಯಾರೋ ಹೇಳಿದ್ದಾರೆ. ಮೆತ್ತಗೆ ಮಾತಾಡಿದ. “ನೋಡಮ್ಮ, ನಿಂಗೆ ಕೆಲಸ ಐತೆ, ಮನೆ ಐತೆ. ನಿನ್ನ ಮೇಲೆ ಯಾವ ಕೇಸೂ ಇಲ್ಲ. ಅದನ್ನೊಂದು ಎತ್ತಿಬಿಡು. ಅದರ ಕೆಳಗೆ ಏನೂ ಇಲ್ಲಮ್ಮ.”

“ಹೌದು ಸಾರ್,” ಅಂದೆ. “ಅದಕ್ಕೇ ಎತ್ತುತಾ ಇಲ್ಲ.”